ಬೆಳಗಿನ ಜಾವದ ಸಕ್ಕರೆ

ರಾತ್ರಿ ಹನ್ನೊಂದೂವರೆ. ಮಧುಮೇಹವಿರುವ ಹದಿಮೂರರ ಹುಡುಗಿ ಆಗಲೇ ಗಾಢ ನಿದ್ದೆಯಲ್ಲಿದ್ದಾಳೆ. ಅಮ್ಮ ಮೆಲ್ಲಗೆ ಅವಳ ಬೆರಳು ಚುಚ್ಚಿ ಸ್ಟ್ರಿಪ್ಪಿಗೆ ರಕ್ತ ತಾಗಿಸುತ್ತಾಳೆ. ಸಕ್ಕರೆ 142. ಸಮಾಧಾನದಿಂದ ದೀಪ ಆರಿಸಿ ಹೋಗುತ್ತಾಳೆ. ನೀವು ಹೋಗಬೇಡಿ. ಕೆಲಸ ಶುರುವಾಗುವುದೇ ಈಗ.

ಮಿದುಳಿನ ಬುಡದ ಪುಟ್ಟ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತಿದೆ. ಅದರ ಜೊತೆಗೇ ಯಕೃತ್ತಿಗೆ ಇಳಿಯಿರಿ. ಹಾರ್ಮೋನಿನ ಮಾತು ಕೇಳಿ ಐಜಿಎಫ್-1 ತಯಾರಾಗಬೇಕಾದದ್ದು ಇಲ್ಲಿ. ಎಲುಬು ಉದ್ದವಾಗಲು ಬೇಕಾದ ಅಂಶ ಅದು. ಆದರೆ ಆ ಮಾತು ಕೇಳಿಸಿಕೊಳ್ಳಲು ಯಕೃತ್ತಿಗೆ ಸಾಕಷ್ಟು ಇನ್ಸುಲಿನ್ ಬೇಕು. ಆರೋಗ್ಯವಂತರಲ್ಲಿ ಮೇದೋಜೀರಕದ ಇನ್ಸುಲಿನ್ ಮೊದಲು ಬರುವುದೇ ಈ ಮನೆಗೆ. ಇವಳದು ತೊಡೆಗೆ ಚುಚ್ಚಿದ್ದು. ಮೈಯೆಲ್ಲ ಸುತ್ತಿ, ನಾಲೆಯ ಕೊನೇ ಗದ್ದೆಗೆ ನೀರು ಬಂದ ಹಾಗೆ ಬರುತ್ತದೆ. ಹೀಗಾಗಿ ಐಜಿಎಫ್-1 ಕಡಿಮೆ. ತಯಾರಾದ ಅಷ್ಟಿಷ್ಟನ್ನೂ ಕಟ್ಟಿಹಾಕುವ ಪ್ರೋಟೀನು ಬೇರೆ ಹೆಚ್ಚಾಗಿದೆ.

ಐಜಿಎಫ್-1 ಸಾಕಷ್ಟಿದ್ದಿದ್ದರೆ ಪಿಟ್ಯುಟರಿಗೆ ತಡೆ ಬೀಳುತ್ತಿತ್ತು. ಈಗ ಅದು ಇನ್ನಷ್ಟು ಹಾರ್ಮೋನು ಸುರಿಯುತ್ತದೆ. ಅದರಿಂದ ಸ್ನಾಯುಗಳು ಇನ್ಸುಲಿನ್ನಿಗೆ ಜಗ್ಗುವುದಿಲ್ಲ, ಯಕೃತ್ತು ಗ್ಲೂಕೋಸ್ ಹೊರಗೆ ಬಿಡುತ್ತದೆ. ಮೈ ನೆರೆಯುವ ವಯಸ್ಸಿನಲ್ಲಂತೂ ಈ ಹಾರ್ಮೋನಿನ ಆರ್ಭಟ ಜೋರು.

ಬೆಳಿಗ್ಗೆ ಆರು. 261.

"ರಾತ್ರಿ ಎದ್ದು ಏನಾದ್ರೂ ತಿಂದ್ಯೇನೇ?"

"ಇಲ್ಲಮ್ಮ, ನಿಜವಾಗ್ಲೂ!"

ಅವಳ ಮಾತು ನಿಜವೆಂದು ನಿಮಗೊಬ್ಬರಿಗೇ ಗೊತ್ತು. ಇಂಥ ಎಷ್ಟು ಮಕ್ಕಳು ಕದ್ದು ತಿಂದ ಆರೋಪ ಹೊತ್ತಿದ್ದಾರೋ!

ಹತ್ತು ಗಂಟೆಗೆ ಆಸ್ಪತ್ರೆ. ಚಪ್ಪಲಿ ಬಿಟ್ಟು, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲುತ್ತಾಳೆ. ಐಜಿಎಫ್-1 ಪರೀಕ್ಷೆ ಎಲ್ಲರಿಗೂ ಬರೆಯುವಂಥದ್ದಲ್ಲ. ವಯಸ್ಸು, ಮೈ ನೆರೆದ ಹಂತ ನೋಡದೆ ಅದರ ಅಂಕಿಗೆ ಅರ್ಥವೂ ಇಲ್ಲ. ನನ್ನ ಕೇಳಿದರೆ ಈ ಗೋಡೆಯ ಅಳತೆಪಟ್ಟಿಯದೇ ನೇರ ಮಾತು. 1930ರಲ್ಲಿ ಫ್ರಾನ್ಸಿನ ವೈದ್ಯ ಪಿಯರ್ ಮೊರಿಯಾಕ್ ವರ್ಣಿಸಿದ್ದು ಇನ್ಸುಲಿನ್ ಸಾಲದೆ ಕುಳ್ಳಾಗಿ, ಯಕೃತ್ತು ಊದಿಕೊಂಡ ಮಗುವನ್ನು. ಅಂಥವರು ಈಗ ಅಪರೂಪ.

ಇವಳ ಎತ್ತರದ ಗೆರೆ ಏರುತ್ತಿದೆ, ಸ್ವಲ್ಪ ಸೋಮಾರಿಯಾಗಿ.

"ಅಕ್ಕನಷ್ಟು ಎತ್ತರ ಆಗ್ತೀನಾ ಡಾಕ್ಟ್ರೇ?"

ಡಾಕ್ಟರು ಮಾತು ಕೊಡುವುದಿಲ್ಲ. ತೂಕ 38 ಕಿಲೋ. ದಿನಕ್ಕೆ ಒಟ್ಟು 38 ಯೂನಿಟ್ ಇನ್ಸುಲಿನ್ ಈ ವಯಸ್ಸಿಗೆ ಸಾಲದು. ರಾತ್ರಿಯ ಡೋಸ್ ಎರಡು ಯೂನಿಟ್ ಏರಿಸಿ ಬರೆಯುತ್ತಾರೆ. "ಮೂರು ದಿನ ನಡುರಾತ್ರಿ ಮೂರಕ್ಕೂ ಒಮ್ಮೆ ಸಕ್ಕರೆ ನೋಡಿ. ಇಳಿದುಬಿಟ್ರೆ ಕಷ್ಟ," ಅನ್ನುತ್ತಾರೆ ಅಮ್ಮನಿಗೆ.