ಕಾಕುವಿನ ಕೋಟೆ ಪ್ರವಾಸ

ಚಿತ್ರದುರ್ಗ ನೋಡಿದ ಕಣ್ಣಿನಿಂದ ನಮ್ಮ ಕಡೆಯ ಕೋಟೆಗಳನ್ನು ನೋಡಬಾರದು, ನಿರಾಸೆಯಾಗುತ್ತದೆ. ಧಾರವಾಡದ ಕೋಟೆಯನ್ನೇ ತಗೊಳ್ಳಿ. 1790ರಲ್ಲಿ ಪರಶುರಾಮ ಭಾವೂ ಪಟವರ್ಧನನ ಮರಾಠಾ ದಂಡು, ಅದರ ಬೆನ್ನಿಗೆ ಇಂಗ್ಲಿಷರ ಒಂದು ತುಕಡಿ, ಎರಡೂ ಸೇರಿ ಮುತ್ತಿಗೆ ಹಾಕಿದರೂ ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್ ಆರು ತಿಂಗಳಿಗೂ ಮಿಕ್ಕಿ ಬಗ್ಗಲಿಲ್ಲ. ಅಂಥ ಕೋಟೆಯದೆಂದು ಇವತ್ತು ತೋರಿಸುವುದಕ್ಕೆ ಒಂದು ಬಾಗಿಲು, ಕಿಲ್ಲಾ ಎಂಬ ಹೆಸರು, ಒಂದು ದುರ್ಗಾದೇವಿ ಗುಡಿ. ಮಂದಿ ಬಾಳುವೆ ಮಾಡುವ ಊರಲ್ಲಿ ಕೋಟೆ ಉಳಿಯುವುದಿಲ್ಲ. ಕಲ್ಲಿಗೆ ಬೇರೆ ಕೆಲಸ ಸಿಗುತ್ತದೆ.

ಹಾಗಾಗಿ ಊರು ಬಿಟ್ಟೇ ಹೋಗಬೇಕು. ಬಾಡಿಗೆ ಗಾಡಿ ಹೇಳಿ ನಸುಕಿನಲ್ಲಿ ಹೊರಟರೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ನರಗುಂದ ಸುತ್ತಿ, ನವಲಗುಂದದ ಮೇಲೆ ರಾತ್ರಿ ಊಟಕ್ಕೆ ಹುಬ್ಬಳ್ಳಿ ಸೇರಬಹುದು. ಇದೇ ದಿನದೊಳಗೆ ಬಾದಾಮಿಯನ್ನೂ ತುರುಕುವವರಿದ್ದಾರೆ. ಅಂಥವರ ಜೊತೆ ನಾನು ಎಲ್ಲಿಗೂ ಹೋಗುವುದಿಲ್ಲ.

ಕಾಕುವನ್ನು ನಾನು ಕರೆದುಕೊಂಡು ಹೋದೆ ಎನ್ನುವುದಕ್ಕಿಂತ ಕಾಕು ನನ್ನನ್ನು ಕರೆದುಕೊಂಡು ಹೋದಳು ಎನ್ನುವುದೇ ಸರಿ. ಗಾಡಿಯ ಬಾಡಿಗೆ ಬಗೆಹರಿಸಿದವಳು ಅವಳು; ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಬುತ್ತಿ ಕಟ್ಟಿದವಳೂ ಅವಳೇ. ನಾನು ತಂದದ್ದು ಇತಿಹಾಸ ಮಾತ್ರ. 1824ರ ಅಕ್ಟೋಬರಿನಲ್ಲಿ ಧಾರವಾಡದಿಂದ ಕಿತ್ತೂರಿಗೆ ಹೋದ ಕಲೆಕ್ಟರ್ ಥ್ಯಾಕರೆ ಚೆನ್ನಮ್ಮನ ಕೋಟೆಯೆದುರು ಸತ್ತ, ಅವನ ಗೋರಿ ನಮ್ಮ ಧಾರವಾಡದಲ್ಲೇ ಇದೆ ಎಂದು ಹೇಳುತ್ತಾ ಹೊರಟೆ. ದತ್ತಕ ಒಪ್ಪದ ಕಂಪನಿ, ಡಿಸೆಂಬರಿನ ಎರಡನೆಯ ಯುದ್ಧ, ಬೈಲಹೊಂಗಲದಲ್ಲಿ ರಾಣಿಯ ಸೆರೆ, 1829ರಲ್ಲಿ ಅಲ್ಲೇ ಅವಳ ಸಾವು. ಕಾಕು ಎಲ್ಲಕ್ಕೂ ಹ್ಞೂಂಗುಟ್ಟಿದಳು.

ಕಿತ್ತೂರಿನಲ್ಲಿ ನಿಂತಿರುವುದು ಅರಮನೆಯ ಗೋಡೆಗಳು, ಮೇಲೆ ಮಾಡು ಇಲ್ಲ. ಬಂದವರೆಲ್ಲ ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲೆಂದು ಬಿಟ್ಟ ಕಿಂಡಿಗೆ ಕಣ್ಣಿಡುತ್ತಾರೆ, ಹಗಲು ಹೊತ್ತಿನಲ್ಲೂ. ನಾನೂ ಇಟ್ಟೆ. ಕಾಕು ಮಾತ್ರ ಬಚ್ಚಲಿನ ಹತ್ತಿರ ಕೂತು ನೀರು ಹರಿದುಹೋಗುವ ದಾರಿಯನ್ನು ಬೆರಳಿನಿಂದ ಹಿಡಿದು ಹೊರಟಿದ್ದಳು.

"ಹೌದಪಾ, ಇಷ್ಟ ಮಂದಿಗೆ ನೀರ ಎಲ್ಲಿಂದ ತರತಿದ್ರು?"

"ಅವ್ವಾರ, ಅರಮನಿ ಮಂದಿಗೆ ನೀರಿನ ಚಿಂತಿ ಇರತಿತ್ತೇನ್ರಿ?" ಎಂದು ಡ್ರೈವರ್ ನಕ್ಕ.

"ಅವರಿಗೆ ಇರಲಿಕ್ಕಿಲ್ಲೋ ತಮ್ಮಾ. ಹೊತ್ತು ತರೋರಿಗೆ ಇತ್ತು."

ಎಂಟು ದಿನಕ್ಕೊಮ್ಮೆ ನಳಾ ಬರುವ ಓಣಿಯಲ್ಲಿ ಸಂಸಾರ ಮಾಡಿದವಳು ಅವಳು. ನಡುರಾತ್ರಿ ಎದ್ದು ಹಂಡೆ, ಕೊಡ, ಪಿಂಪು, ಕಡೆಗೆ ಚರಿಗೆಯನ್ನೂ ತುಂಬಿಟ್ಟ ಹೆಂಗಸಿಗೆ ಮುತ್ತಿಗೆಯ ಮಾತನ್ನು ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಮೇಲೆ ದಿನವೆಲ್ಲಾ ಅದೊಂದೇ ಪ್ರಶ್ನೆ. ಮೊದಮೊದಲು ನನಗೆ ಕಿರಿಕಿರಿಯಾಯಿತು. ತೋಪು, ಬುರುಜು, ಕಳ್ಳದಾರಿ ಎಂದು ಸಿದ್ಧ ಮಾಡಿಕೊಂಡ ನನ್ನ ಮಾತೆಲ್ಲಾ ಬಾವಿಗೆ ಬಿದ್ದಿತ್ತು.

ಸವದತ್ತಿ ರಟ್ಟರ ಕಾಲದ ಸುಗಂಧವರ್ತಿ. ಊರ ಕೋಟೆ ಶಿರಸಂಗಿ ದೇಸಾಯರದು. ಗಟ್ಟಿಮುಟ್ಟಾಗಿದೆ. ಆದರೆ ಆ ಮನೆತನದ ಕೋಟೆಗಿಂತ ಲಿಂಗರಾಜ ದೇಸಾಯರ ಮೃತ್ಯುಪತ್ರವೇ ಹೆಚ್ಚು ಬಾಳಿತೆಂದು ನನ್ನ ಎಣಿಕೆ. 1906ರಲ್ಲಿ ತೀರಿಕೊಂಡ ಅವರು ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟಿದ್ದರು. ಅದರಿಂದ ಓದಿ ಮುಂದೆ ಬಂದವರು ನಮ್ಮ ಕಡೆ ಹಳ್ಳಿಹಳ್ಳಿಯಲ್ಲಿ ಸಿಗುತ್ತಾರೆ.

ಅಲ್ಲಿಂದ ಮುಂದೆ ನವಿಲುತೀರ್ಥ. ಗುಡ್ಡದ ಸಾಲನ್ನು ಸೀಳಿಕೊಂಡು ಮಲಪ್ರಭಾ ಹಾಯುವ ಕಣಿವೆಗೆ ಅಣೆಕಟ್ಟು ಕಟ್ಟಿದ್ದಾರೆ. ಹಿಂದೆ ನಿಂತ ನೀರೇ ರೇಣುಕಾಸಾಗರ. ಹುಬ್ಬಳ್ಳಿ-ಧಾರವಾಡದ ನಳಾಕ್ಕೆ ಬರುವುದು ಈ ನೀರೇ ಎಂದೆ. ಕಾಕು ಗಾಡಿ ನಿಲ್ಲಿಸಿದಳು. ಕಿತ್ತೂರಿನಲ್ಲೂ ಅಷ್ಟು ಹೊತ್ತು ನಿಂತಿರಲಿಲ್ಲ ಅವಳು. "ಇಷ್ಟ ಐತಿ, ಮತ್ತ ಎಂಟ ದಿನ ಯಾಕ?" ಎಂದಳು. ರಟ್ಟರಿಂದ ದೇಸಾಯರವರೆಗೆ ಉತ್ತರ ಕೊಟ್ಟಿದ್ದ ನಾನು ಬುತ್ತಿ ಬಿಚ್ಚೋಣವೇ ಎಂದು ಕೇಳಿದೆ.

ನರಗುಂದದ ಗುಡ್ಡ ದೂರದಿಂದಲೇ ಎದ್ದು ಕಾಣುತ್ತದೆ. ಎರೆಹೊಲ ಚಪ್ಪಟೆಯಾಗಿ ಹರಡಿಕೊಂಡಿರುವಲ್ಲಿ ಒಮ್ಮೆಲೇ ಆ ಕಲ್ಲುಬೆನ್ನು. ಇಲ್ಲಿಯದೂ ದತ್ತಕದ್ದೇ ಜಗಳ. 1858ರ ಮೇ ತಿಂಗಳಲ್ಲಿ ಬಾಬಾಸಾಹೇಬ ಭಾವೆಯ ಮಂದಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು ತಲೆಯನ್ನು ಊರ ಬಾಗಿಲಿಗೆ ಕಟ್ಟಿದರು. ಜೂನಿನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಮಂಡಿನೋವಿನ ಕಾಕು ಗುಡ್ಡ ಹತ್ತಲಿಲ್ಲ. ಕೆಳಗೆ ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ಸುಲಗಾಯಿ ಬಿಡಿಸುತ್ತಾ ಪಕ್ಕದ ಮುದುಕನೊಬ್ಬನನ್ನು ಮಾತಿಗೆಳೆದಳು. ನಾನು ಇಳಿದು ಬರುವಷ್ಟರಲ್ಲಿ ಅವಳಿಗೆ ನನಗಿಂತ ಹೆಚ್ಚು ನರಗುಂದ ಗೊತ್ತಾಗಿತ್ತು.

ಮುದುಕ ಬಾಬಾಸಾಹೇಬನ ಹೆಸರೇ ಎತ್ತಿರಲಿಲ್ಲ. ಅವನು ಹೇಳಿದ್ದು 1980ರ ಜುಲೈ 21. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ನೆಟ್ಟಗೆ ಮುಟ್ಟುವ ಮೊದಲೇ ಕರ ಕೇಳಿದಾಗ ನರಗುಂದ, ನವಲಗುಂದದ ರೈತರು ತಿರುಗಿ ಬಿದ್ದದ್ದು, ಗೋಲಿಬಾರ್ ಆಗಿ ರೈತರು ಸತ್ತದ್ದು, ಪೊಲೀಸರೂ ಸತ್ತದ್ದು. ರೈತ ಸಂಘ ಬಲಿತದ್ದು ಆ ಕಿಚ್ಚಿನಿಂದ. 2015ರಲ್ಲಿ ಮಹದಾಯಿ ನೀರಿಗಾಗಿ ಧರಣಿ ಕೂತದ್ದೂ ಇದೇ ಊರಲ್ಲಿ. ಕೂತವರು ವರ್ಷಗಟ್ಟಲೆ ಏಳಲಿಲ್ಲ. ಧಾರವಾಡದ ಮುತ್ತಿಗೆ ಆರು ತಿಂಗಳು ನಡೆಯಿತೆಂದು ಬೆಳಗ್ಗೆ ನಾನು ಬೀಗಿದ್ದೆ.

ನವಲಗುಂದದ ದಾರಿಯಲ್ಲಿ ಮುಂದಿನ ಸಲದ ಮಾತು ಬಂತು. ಬಾದಾಮಿ ಎಂದೆ. 543ರಲ್ಲಿ ಒಂದನೆಯ ಪುಲಕೇಶಿ ಅಲ್ಲಿಯ ಬೆಟ್ಟವನ್ನು ಕೋಟೆ ಮಾಡಿದ ಸಂಗತಿ ಬಂಡೆಯ ಮೇಲೇ ಕೆತ್ತಿದೆ, ಕೆಳಗೆ ಅಗಸ್ತ್ಯತೀರ್ಥ ತುಂಬಿ ನಿಂತಿರುತ್ತದೆ ಎಂದೆ. ಇವರಿಗೆ ತಿಳಿವಳಿಕೆ ಇತ್ತೆಂದು ಕಾಕು ಚಾಲುಕ್ಯರನ್ನು ಒಪ್ಪಿಕೊಂಡಳು. ಡ್ರೈವರ್ ಯಾವ ವಾರ ಬರಲಿ ಎಂದು ಕೇಳಿದ.

"ಯಾವ ದಿನಾ ಆದರೂ ಬಾ ತಮ್ಮಾ," ಎಂದಳು, "ನಳಾ ಬರೋ ದಿನಾ ಒಂದ ಬಿಟ್ಟು."