ಅಪ್ಪನ ಬೆರಳು

ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಟೀಮಿನಲ್ಲಿ ನಾಲ್ಕು ಜನ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು – ತಾಲ್ಲೂಕಿಗೊಬ್ಬರು. ಹಾಸ್ಟೆಲ್‌ನಲ್ಲಿ ನಮ್ಮನ್ನು ‘ಹಾವೇರಿ ಜಿಲ್ಲಾ ಪಂಚಾಯ್ತಿ’ ಅಂತಲೇ ಕರೆಯುತ್ತಿದ್ದರು. ಪಂಚಾಯ್ತಿ ಅಂದಮೇಲೆ ಒಂದು ಕಟ್ಟೆ ಬೇಕಲ್ಲ? ಮಲ್ಟಿ-ಟಚ್ ಟೇಬಲ್ ಮಾಡಲು ಹೊರಟೆವು. ಮೊಬೈಲ್ ಒಬ್ಬರ ಕೈಯಲ್ಲಿದ್ದರೆ ಉಳಿದವರು ಇಣುಕಬೇಕು. ಟೇಬಲ್ ಹಾಗಲ್ಲ, ಸುತ್ತಲೂ ಕೂತು ಎಲ್ಲರೂ ಒಟ್ಟಿಗೇ ಕೈ ಹಾಕಬಹುದು.

ಜೆಫ್ ಹಾನ್ 2006ರ ಟೆಡ್ ಭಾಷಣದಲ್ಲಿ ತೋರಿಸಿದ ವಿಧಾನವನ್ನೇ ಹಿಡಿದೆವು. ಅಕ್ರಿಲಿಕ್ ಹಾಳೆಯ ಅಂಚಿಗೆ ಇನ್‌ಫ್ರಾರೆಡ್ ಎಲ್‌ಇಡಿ ಜೋಡಿಸಿದರೆ ಬೆಳಕು ಒಳಗೇ ಪುಟಿಯುತ್ತಿರುತ್ತದೆ. ಪಿಯುಸಿಯಲ್ಲಿ ಓದಿದ ಅದೇ ಟೋಟಲ್ ಇಂಟರ್ನಲ್ ರಿಫ್ಲೆಕ್ಷನ್. ಅಕ್ರಿಲಿಕ್‌ಗೆ ಕ್ರಿಟಿಕಲ್ ಆ್ಯಂಗಲ್ ಸುಮಾರು 42 ಡಿಗ್ರಿ. ಬೆರಳಿಟ್ಟ ಜಾಗದಲ್ಲಿ ಮಾತ್ರ ಬೆಳಕು ಹೊರಬಿದ್ದು ಕೆಳಕ್ಕೆ ಚದುರುತ್ತದೆ. ಕೆಳಗಿರುವ ವೆಬ್‌ಕ್ಯಾಮ್‌ಗೆ ಅದು ಬಿಳಿ ಚುಕ್ಕೆ. ವೆಬ್‌ಕ್ಯಾಮ್‌ನ ಐಆರ್ ಫಿಲ್ಟರ್ ಕಿತ್ತು, ಫೋಟೋ ಸ್ಟುಡಿಯೋದಿಂದ ಬೇಡಿ ತಂದ ಹಳೇ ನೆಗೆಟಿವ್‌ನ ಕಪ್ಪು ತುದಿ ಅಂಟಿಸಿದೆವು.

ಟೇಬಲ್ ಮೇಲೆ ನಮ್ಮ ನಾಲ್ಕು ತಾಲ್ಲೂಕುಗಳ ನಕ್ಷೆ. ಮುಟ್ಟಿದರೆ ಹಾನಗಲ್ಲಿನ ತಾರಕೇಶ್ವರ, ಕನಕದಾಸರ ಬಾಡ, ಸವಣೂರಿನ ದೊಡ್ಡಹುಣಸೆ ಮರ, ನಮ್ಮ ಕಡೆಯ ಮದಗದ ಕೆರೆ ತೆರೆದುಕೊಳ್ಳುತ್ತಿದ್ದವು.

ಪ್ರಾಜೆಕ್ಟ್ ಎಕ್ಸಿಬಿಷನ್ ದಿನ ಅಪ್ಪ ಹಿರೇಕೆರೂರಿನಿಂದ ಬಂದಿದ್ದ. ‘ಅಪ್ಪಾ, ಕೆರಿ ಮ್ಯಾಲೆ ಬೆರಳಿಡು’ ಅಂದೆ. ಇಟ್ಟ. ಏನೂ ಆಗಲಿಲ್ಲ. ಜೋರಾಗಿ ಒತ್ತಿದ. ಇಲ್ಲ. ಪಕ್ಕದಲ್ಲಿ ನಾನು ಮುಟ್ಟಿದರೆ ತಟ್ಟನೆ ತೆರೆಯಿತು. ಅಪ್ಪ ಸುಮ್ಮನೆ ಕೈ ಹಿಂದಕ್ಕೆ ತಗೊಂಡ.

‘ರೇಷನ್ ಅಂಗಡ್ಯಾಗೂ ಹಿಂಗಽ ಆಗ್ತೈತಿ ಬಿಡು. ನಾಕ್ ಸಲ ಒತ್ತಿಸ್ಕೊಂತಾರ, ಹೆಬ್ಬೆಟ್ಟು ಬರವಲ್ದು ಅಂತಾರ.’

ಆಮೇಲೆ ಅವನೇ, ನೋಟು ಎಣಿಸುವಾಗ ಮಾಡುವಂತೆ, ಬೆರಳನ್ನು ನಾಲಿಗೆಗೆ ತಾಗಿಸಿ ಮತ್ತೆ ಇಟ್ಟ. ಕೆರೆ ತೆರೆಯಿತು. ಸುತ್ತ ನಿಂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಕಾರಣ ಕಷ್ಟದ್ದೇನಲ್ಲ. ಬೆರಳು ಅಕ್ರಿಲಿಕ್‌ಗೆ ಸಂದಿಲ್ಲದಂತೆ ಅಂಟಿದರೆ ಮಾತ್ರ ಬೆಳಕು ಹೊರಬೀಳುತ್ತದೆ. ಬೆವರು, ಜಿಡ್ಡು ಇರುವ ಮೆತ್ತನೆ ಬೆರಳಿಗೆ ಅದು ಸುಲಭ. ಮೆಕ್ಕೆಜೋಳದ ಹೊಲದಲ್ಲಿ ಒಣಗಿ ಬಿರಿದ ಬೆರಳಿನ ಕೆಳಗೆ ಗಾಳಿ ಉಳಿಯುತ್ತದೆ. ಮೇಲೆ ತೆಳು ಸಿಲಿಕೋನ್ ಪದರ ಹಾಕಿದರೆ ಸರಿಹೋಗುತ್ತದೆ ಅಂತ ಓದಿದ್ದೆವು. ‘ನಮಗೆ ನಡೀತೈತಲ್ಲ’ ಅಂತ ಖರ್ಚು ಉಳಿಸಿದ್ದೆವು. ಟೆಸ್ಟ್ ಮಾಡಿದ್ದು ಬರೀ ನಾವು ನಾಲ್ವರು, ಪೆನ್ನು ಮತ್ತು ಮೊಬೈಲ್ ಬಿಟ್ಟು ಬೇರೇನೂ ಹಿಡಿಯದವರು. 2001ರಲ್ಲೇ ಮಿತ್ಸುಬಿಷಿ ಲ್ಯಾಬ್‌ನ ಡೈಮಂಡ್‌ಟಚ್ ಟೇಬಲ್ ಮುಟ್ಟಿದವರು ಯಾರು ಅಂತಲೂ ಗುರುತಿಸುತ್ತಿತ್ತು. ರಿಪೋರ್ಟಿನ ‘ಫ್ಯೂಚರ್ ಸ್ಕೋಪ್’ನಲ್ಲಿ ನಾವೂ ಅದನ್ನು ಮಾಡುತ್ತೇವೆ ಅಂತ ಬರೆದಿದ್ದೆವು. ಅಪ್ಪ ಮುಟ್ಟಿದ್ದೇ ನಮ್ಮ ಟೇಬಲ್‌ಗೆ ಗೊತ್ತಾಗಿರಲಿಲ್ಲ!

ಮೊದಲು ಕೋಡ್‌ನಲ್ಲಿ ಥ್ರೆಶೋಲ್ಡ್ ಇಳಿಸಿದೆವು. ಯಾರೂ ಮುಟ್ಟದಿದ್ದರೂ ಚುಕ್ಕೆ ಬರತೊಡಗಿದವು. ಕೊನೆಗೆ ಸಿಲಿಕೋನೇ ತಂದು, ಎರಡು ಸಲ ಗುಳ್ಳೆ ಎದ್ದು ಕೆಟ್ಟಮೇಲೆ, ಮೂರನೇ ಸಲ ಸರಿಯಾಗಿ ಹಚ್ಚಿದೆವು. ರಜೆಗೆ ಊರಿಗೆ ಹೋಗುವಾಗ ಟೇಬಲ್ ಬಿಚ್ಚಿ ಗಾಡಿಗೆ ಹಾಕಿಕೊಂಡು ಹೋದೆ. ಅಪ್ಪ ಹೊಲದಿಂದ ಬಂದವನೇ, ಒಣ ಬೆರಳಲ್ಲೇ ಮುಟ್ಟಿದ. ಕೆರೆ ತೆರೆಯಿತು.

‘ಇದನ್ನ ರೇಷನ್ ಮಷಿನ್‌ಗೂ ಹಚ್ಚಾಕ ಬರ್ತೈತೇನು?’ ಅಂತ ಕೇಳಿದ. ಅದು ಬೆರಳಿನ ಗೆರೆಗಳನ್ನೇ ಓದಬೇಕು, ಸವೆದ ಗೆರೆಗೆ ಈ ಪದರ ಸಾಲದು ಅಂತ ಹೇಳಬೇಕಾಯಿತು.

ಜೂನಿಯರ್ಸ್, ಪ್ರಾಜೆಕ್ಟ್ ಟಾಪಿಕ್ ಹುಡುಕುತ್ತಿದ್ದರೆ ಇದನ್ನು ತಗೊಳ್ಳಿ. ಟೆಸ್ಟಿಂಗ್‌ಗೆ ಮಾತ್ರ ಹಾಸ್ಟೆಲ್‌ನವರನ್ನು ಕರೆಯಬೇಡಿ.