ಹಂಚ ಪಳಗಿಸಿದಂಗ

ಫ್ಲ್ಯಾಟಿನಲ್ಲಿ ಇರುವವರಿಗೆ ಕಾರು ರಿಪೇರಿಯ ಹುಚ್ಚು ಇರಬಾರದು ನೋಡಿ. ಅಂಗಳವಿಲ್ಲ, ಹಿತ್ತಿಲಿಲ್ಲ. ಇರೋದೊಂದು ಬಾಲ್ಕನಿ, ಅದರಲ್ಲಿ ಅರ್ಧ ತುಳಸಿ ಕುಂಡ, ಅರ್ಧ ಒಣಹಾಕಿದ ಬಟ್ಟೆ. ಆದರೂ ಡೊಂಬಿವಿಲಿಯ ನಮ್ಮ ಸೊಸೈಟಿಯ ಟೆರೇಸಿನ ಮೇಲೆ ಎರಡು ರವಿವಾರ ಕೂತು, ಅಪ್ಪನ ಪದ್ಮಿನಿ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಸಿರಾಮಿಕ್ ಲೇಪ ಹಚ್ಚಿದೆ.

ಅಪ್ಪ ಹೋದಮೇಲೆ ಹುಬ್ಬಳ್ಳಿಯ ಮನೆ ಮಾರಿ ಅವ್ವನನ್ನು ಕರಕೊಂಡು ಬಂದೆವು. ಅವಳು ಬಿಟ್ಟುಬರಲು ಒಪ್ಪದ್ದು ಎರಡೇ: ರೊಟ್ಟಿ ಹಂಚು, ಈ ಕಾರು. "ನಿಮ್ಮಪ್ಪ ಓಡಿಸಿದ ಗಾಡಿ, ಗುಜರಿಗೆ ಹಾಕಬ್ಯಾಡ" ಅಂದಳು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳೇ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಇನ್ನು ಬಿಡಿಭಾಗ ಎಲ್ಲಿಂದ ತರೋದು? ಇದ್ದದ್ದನ್ನೇ ತುಕ್ಕಿನಿಂದ ಕಾಯಬೇಕು.

ಎಂಜಿನ್ನಿನ ಹೊಗೆ 700-800 ಡಿಗ್ರಿಯವರೆಗೂ ಕಾಯುತ್ತದೆ. ಸಾದಾ ಬಣ್ಣ ಸುಟ್ಟು ಉದುರಿಹೋಗುತ್ತದೆ. ಇದಕ್ಕೆ ಬೇಕಾದದ್ದು ಸಿಲಿಕೋನ್ ರಾಳದಲ್ಲಿ ಸಿರಾಮಿಕ್ ಪುಡಿ ಬೆರೆಸಿದ ಸ್ಪ್ರೇ. ಡಬ್ಬಿ ತರೋದು ಸುಲಭ; ಕೆಲಸವೆಲ್ಲ ಅದಕ್ಕೂ ಮೊದಲಿನದು. ಥಿನ್ನರಿನಿಂದ ಜಿಡ್ಡು ತೆಗೆದು, ತಂತಿ ಬ್ರಶ್ಶು, ಉಜ್ಜುಕಾಗದದಿಂದ ಬರೀ ಲೋಹ ಕಾಣುವತನಕ ತಿಕ್ಕಬೇಕು. ಆಮೇಲೆ ಬರಿಗೈಲಿ ಮುಟ್ಟುವ ಹಾಗಿಲ್ಲ, ಬೆರಳಿನ ಎಣ್ಣೆ ತಾಗಿದಲ್ಲಿ ಲೇಪ ಹಿಡಿಯೋದಿಲ್ಲ. ಕೈಗವಸು, ಆವಿ ತಡೆಯುವ ಮಾಸ್ಕು ಹಾಕಿಕೊಂಡು, ಹೊರಮೈಗೆ ಮಾತ್ರ ತೆಳುವಾಗಿ ಮೂರು ಸಲ ಹೊಡೆದೆ.

ಮುಂದಿನದು ಕಾಯಿಸೋದು. ಡಬ್ಬಿಯ ಮೇಲೆ 120, 200, 315 ಡಿಗ್ರಿ ಅಂತ ಮೂರು ಹಂತ. ಒಂದೊಂದಕ್ಕೂ ಅರ್ಧ ತಾಸು, ನಡುವೆ ಆರಲು ಬಿಡಬೇಕು. ನಮ್ಮ ಓವನ್ನು 250ಕ್ಕೇ ನಿಲ್ಲುತ್ತದೆ, ಮೇಲೆ ಆ ಆವಿ ಅನ್ನ ತಿನ್ನುವ ಮನೆಯಲ್ಲಿ ಕೂಡದು. "ಅದನ್ನ ಒಳಗ ತಂದ್ರ ನಾಳಿಂದ ಅಡಗಿ ನೀವ ಮಾಡ್ರಿ" ಅಂತ ಹೆಂಡತಿಯೂ ಹೇಳಿದ್ದಳು. ಅದಕ್ಕೇ ಕಾರಿಗೆ ಜೋಡಿಸಿ, ಕಂಪೌಂಡಿನ ಬಯಲಿನಲ್ಲಿ ಎಂಜಿನ್ನಿನ ಬಿಸಿಯಲ್ಲೇ ಕಾಯಿಸಿದೆ. ಹತ್ತು ನಿಮಿಷ ಚಾಲೂ, ಬಂದು. ಇಪ್ಪತ್ತು ನಿಮಿಷ ಚಾಲೂ, ಮತ್ತೆ ಬಂದು. ಹೊಗೆ ಕಂಡು ಸೆಕ್ರೆಟರಿ ಓಡಿಬಂದರು, "ಕಾಯ್ ಝಾಲಂ?" ಅಂತ.

ಅವ್ವ ಕುರ್ಚಿ ಹಾಕಿಕೊಂಡು ನೋಡುತ್ತಿದ್ದಳು. "ಅಲ್ಲೋ, ಇದು ಹಂಚ ಪಳಗಿಸಿದಂಗನ ಐತಲ್ಲ. ತಿಕ್ಕಬೇಕು, ತೆಳ್ಳಗ ಸವರಬೇಕು, ಕಾಸಿ ಆರಸಬೇಕು. ಒಮ್ಮಿಗೇ ಉರಿ ಇಟ್ರ ಯಾವುದೂ ಹಿಡಿಯಂಗಿಲ್ಲಪಾ" ಅಂದಳು.

ನನಗೆ ಅವಳದೇ ನೆನಪಾಯಿತು. ಬಂದ ಮೊದಲ ತಿಂಗಳು ಲಿಫ್ಟನ್ನೂ ಹತ್ತಲಿಲ್ಲ. ಆಮೇಲೆ ಗೇಟಿನತನಕ, ಆಮೇಲೆ ಭಾಜಿ ಮಾರ್ಕೆಟ್ಟಿನತನಕ. ಈಗ ಶನಿವಾರದ ಕನ್ನಡ ಭಜನೆಗೆ ಒಬ್ಬಳೇ ರಿಕ್ಷಾ ಹಿಡಿಯುತ್ತಾಳೆ. ನಾವು ಮಾತ್ರ ಮೊದಲ ವಾರವೇ "ಹೊಂದಿಕೊಂಡಿಯೇನವ್ವಾ?" ಅಂತ ಕೇಳುತ್ತಿದ್ದೆವು.

ಕಾರಿನ ನಂಬರು ಕೆಎ 25 ಹೋಗಿ ಎಂಎಚ್ 05 ಆಗಿದೆ. ದೀಪಾವಳಿಗೆ ಇದರಲ್ಲೇ ಹುಬ್ಬಳ್ಳಿಗೆ ಹೋಗೋಣ ಅಂದರೆ ಅವ್ವ, "ಮೊದಲ ಕಲ್ಯಾಣದತನಕ ಹೋಗಿ ಬರೂಣು" ಅಂತಾಳೆ.